ಸಣ್ಣ ಕ್ರಾಸಿಗೆ ಯಾವ ಮರ? ಬೆಂಗಳೂರಿನ ಬೀದಿಮರಗಳ ಒಂದು ಪ್ರಕರಣ ಅಧ್ಯಯನ

ಮಲ್ಲೇಶ್ವರದಲ್ಲಿ ಎರಡು ರಸ್ತೆಗಳು ಅಕ್ಕಪಕ್ಕ ಸಾಗುತ್ತವೆ. ಒಂದು ಸಂಪಿಗೆ ರಸ್ತೆ, ಇನ್ನೊಂದು ಮಾರ್ಗೋಸಾ ರಸ್ತೆ. ಮಾರ್ಗೋಸಾ ಅಂದರೆ ಬೇವು. ರಸ್ತೆಗೆ ಮರದ ಹೆಸರಿಟ್ಟು ಕರೆಯುವಷ್ಟು ಮರಗಳ ಜೊತೆ ಬೆಳೆದ ಊರು ಇದು. ಏಪ್ರಿಲ್ ಮಧ್ಯಾಹ್ನ ಹಳೇ ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ದೊಡ್ಡ ಮರಗಳ ಕೆಳಗೆ ನಡೆದು ನೋಡಿ. ಬಿಸಿಲು ಇದೆ ಅನ್ನೋದು ಎದುರಿನ ಸರ್ಕಲ್ ತಲುಪಿದ ಮೇಲೇ ಗೊತ್ತಾಗುತ್ತದೆ.

ಅಲ್ಲಿಂದ ಆಟೊ ಹಿಡಿದು ಊರಿನ ಅಂಚಿನ ಯಾವುದಾದರೂ ಲೇಔಟಿನ 20 ಅಡಿ ಕ್ರಾಸಿಗೆ ಹೋಗಿ. ಎರಡೂ ಕಡೆ ಮೂರು ನಾಲ್ಕು ಅಂತಸ್ತಿನ ಮನೆಗಳು. ಗೇಟಿನಿಂದ ಕೆಳಗಿಳಿದ ರ್‍ಯಾಂಪ್ ರಸ್ತೆಗೇ ಬಂದು ಮುಟ್ಟಿರುತ್ತದೆ. ಮರ ಅಂತ ಇದ್ದರೆ ಅಲ್ಲೊಂದು ಇಲ್ಲೊಂದು. ಅದೂ ತಂತಿಗೆ ತಾಗುತ್ತದೆ ಅಂತ ತಲೆ ಬೋಳಿಸಿಕೊಂಡು ನಿಂತಿರುತ್ತದೆ.

ಬೆಂಗಳೂರಿನಲ್ಲಿ ಮರ ಎಷ್ಟಿವೆ ಅಂತ ಎಲ್ಲರೂ ಕೇಳುತ್ತಾರೆ. ಯಾವ ಮರ ಯಾವ ರಸ್ತೆಯಲ್ಲಿದೆ ಅಂತ ಕೇಳುವವರು ಕಡಿಮೆ. ನನಗೆ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಈ ಬರಹ ಅದನ್ನು ಹಿಡಿದು ಹೊರಟಿದೆ.

ಈ ಮರಗಳು ಬಂದದ್ದು ಹೇಗೆ

ಬೆಂಗಳೂರು ಕಾಡು ಕಡಿದು ಕಟ್ಟಿದ ಊರಲ್ಲ. ಒಣ ಬಯಲು, ಕೆರೆಗಳು, ಹಳ್ಳಿಗಳ ಅಂಚಿನ ಗುಂಡುತೋಪುಗಳು, ಅರಳಿಕಟ್ಟೆಗಳು, ಇಷ್ಟೇ ಇದ್ದ ಜಾಗ. ಇಂದು ನಾವು ನೋಡುವ ಬೀದಿಮರಗಳಲ್ಲಿ ಹೆಚ್ಚಿನವು ಯಾರೋ ಯೋಚಿಸಿ, ಗುಂಡಿ ತೋಡಿ, ನೀರು ಹೊತ್ತು ಬೆಳೆಸಿದವು.

ಬೇರು ಲಾಲ್‌ಬಾಗ್‌ನಲ್ಲಿದೆ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ ಅದು. 1874ರಲ್ಲಿ ಅದರ ಹೊಣೆ ಹೊತ್ತ ಜಾನ್ ಕ್ಯಾಮರಾನ್ ದೇಶವಿದೇಶಗಳಿಂದ ಗಿಡಗಳನ್ನು ತರಿಸಿ ಇಲ್ಲಿ ಬೆಳೆಸಿ ನೋಡಿದರು. 1908ರಲ್ಲಿ ಜರ್ಮನಿಯ ತೋಟಗಾರಿಕೆ ತಜ್ಞ ಜಿ. ಎಚ್. ಕ್ರುಂಬಿಗಲ್ ಬಂದರು. ಅವರ ಯೋಚನೆ ಸರಳ, ಆದರೆ ಅದನ್ನು ಮಾಡಲು ಅಪಾರ ತಾಳ್ಮೆ ಬೇಕು. ವರ್ಷದ ಯಾವ ತಿಂಗಳಲ್ಲಿ ಬಂದರೂ ಊರಿನ ಯಾವುದಾದರೂ ಬೀದಿ ಹೂಬಿಟ್ಟಿರಬೇಕು. ಒಂದು ಜಾತಿ ಮುಗಿಸಿದರೆ ಇನ್ನೊಂದು ಶುರುವಾಗಬೇಕು. ಜನವರಿ ಫೆಬ್ರವರಿಯಲ್ಲಿ ಗುಲಾಬಿ ತಬೂಬಿಯ. ಮಾರ್ಚ್ ಹೊತ್ತಿಗೆ ನೀಲಿ ಜಕರಂಡ, ಜೊತೆಗೆ ಹೊಂಗೆ. ಏಪ್ರಿಲ್ ಮೇನಲ್ಲಿ ಗುಲ್‌ಮೊಹರ್, ಹೊಳೆ ದಾಸವಾಳ, ಕಕ್ಕೆ. ಮಳೆಗಾಲ ಮುಗಿಯುವಾಗ ಆಕಾಶಮಲ್ಲಿಗೆ. ಬೆಳಗ್ಗೆ ವಾಕಿಂಗ್ ಹೋದರೆ ಫುಟ್‌ಪಾತಿನ ಮೇಲೆ ಬಿಳಿ ಹೂವಿನ ಹಾಸು. ಇಂಥ ಊರಲ್ಲಿ ಹುಟ್ಟಿದವರಿಗೆ ಬಣ್ಣ ನೋಡಿದರೆ ಸಾಕು, ತಿಂಗಳು ಗೊತ್ತಾಗುತ್ತದೆ. ಅವರ ಬಳಿಕ ಲಾಲ್‌ಬಾಗ್ ನೋಡಿಕೊಂಡ ಎಚ್. ಸಿ. ಜವರಾಯ, ಎಂ. ಎಚ್. ಮರಿಗೌಡ ಇದೇ ಕೆಲಸವನ್ನು ಮುಂದುವರಿಸಿದರು.

ಇದೇ ಹೊತ್ತಿನಲ್ಲಿ ಊರು ಬೆಳೆದ ರೀತಿಯೂ ಮರಗಳಿಗೆ ಒದಗಿ ಬಂತು. 1898ರ ಪ್ಲೇಗ್ ಪೇಟೆಯ ಇಕ್ಕಟ್ಟು ಎಷ್ಟು ಅಪಾಯ ಅಂತ ತೋರಿಸಿತ್ತು. ಆಮೇಲೆ ಎದ್ದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಗಾಳಿ ಬೆಳಕಿಗೆ ಜಾಗ ಬಿಟ್ಟರು. ರಸ್ತೆ ಅಗಲ ಇತ್ತು, ಮರಕ್ಕೂ ಜಾಗ ಸಿಕ್ಕಿತು. ರೋಗದ ಭಯದಿಂದ ಬಿಟ್ಟ ಜಾಗದಲ್ಲಿ ನೆರಳು ಬೆಳೆಯಿತು ಅಂದರೂ ತಪ್ಪಾಗದು.

ಇನ್ನೊಂದು ದೊಡ್ಡ ಅಲೆ 1980ರ ದಶಕದ್ದು. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರಿಗೆ ನಗರಕ್ಕೆ ಹಸಿರು ತುಂಬುವ ಕೆಲಸ ಬಂತು. 1982ರಿಂದ ಐದು ವರ್ಷಗಳಲ್ಲಿ ಅವರು ನೆಡಿಸಿದ್ದು ಸುಮಾರು 15 ಲಕ್ಷ ಸಸಿ. ಇವತ್ತು ಎಷ್ಟೋ ಹಳೇ ಲೇಔಟುಗಳಲ್ಲಿ ನಾವು ಕಾರು ನಿಲ್ಲಿಸುವ ನೆರಳು ಅವರು ನೆಡಿಸಿದ್ದು. 2021ರಲ್ಲಿ ಕೋವಿಡ್ ಅವರನ್ನು ಕರೆದುಕೊಂಡು ಹೋಯಿತು. ಅವರ ಹೆಸರು ಗೊತ್ತಿಲ್ಲದೆ ಅವರ ಮರದ ಕೆಳಗೆ ನಿಂತವರು ಲಕ್ಷಾಂತರ ಮಂದಿ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಲೆಕ್ಕ ಹಾಕಿದಾಗ ಕಂಡದ್ದು

ಸಂಶೋಧಕರಾದ ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ ಬೆಂಗಳೂರಿನ ಬೀದಿಮರಗಳನ್ನು ರಸ್ತೆ ರಸ್ತೆಯಲ್ಲಿ ಅಳೆದು, ಜಾತಿ ಗುರುತಿಸಿ, 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಈ ಪ್ರಕರಣದ ನಡುಗಂಬ ಅದೇ.

ಮೊದಲ ಸಂಗತಿ ಸ್ವಲ್ಪ ಬೇಸರ ತರಿಸುತ್ತದೆ. ಏಷ್ಯಾದ ಬೇರೆ ಎಷ್ಟೋ ನಗರಗಳಿಗೆ ಹೋಲಿಸಿದರೆ ಬೆಂಗಳೂರಿನ ರಸ್ತೆಗಳಲ್ಲಿ ಮರಗಳ ಸಾಂದ್ರತೆ ಕಡಿಮೆ. ಉದ್ಯಾನನಗರಿ ಅಂತ ಹೆಸರು ಹೊತ್ತ ಊರಿಗೆ ಇದು ಒಪ್ಪಿಕೊಳ್ಳಲು ಕಷ್ಟದ ಮಾತು.

ಎರಡನೆಯದು ಸಂತೋಷದ್ದು. ವೈವಿಧ್ಯ ಚೆನ್ನಾಗಿದೆ. ಇಡೀ ಊರಿನಲ್ಲಿ ಅತಿ ಹೆಚ್ಚು ಕಾಣುವ ಜಾತಿಯೂ ಒಟ್ಟು ಮರಗಳಲ್ಲಿ ಶೇ. 10ರಷ್ಟನ್ನು ಮುಟ್ಟುವುದಿಲ್ಲ. ಈ 10ಕ್ಕೆ ಒಂದು ಅರ್ಥ ಇದೆ. ಅಮೆರಿಕದ ಸಸ್ಯವಿಜ್ಞಾನಿ ಫ್ರ್ಯಾಂಕ್ ಸಾಂಟಮೋರ್ 1990ರಲ್ಲಿ ನಗರದ ಮರಗಳಿಗೆ ಒಂದು ಕಟ್ಟು ಹೇಳಿದ್ದರು. ಒಂದೇ ಪ್ರಭೇದದ ಮರ ಶೇ. 10 ಮೀರಬಾರದು, ಒಂದೇ ಕುಲದ್ದು ಶೇ. 20, ಒಂದೇ ಕುಟುಂಬದ್ದು ಶೇ. 30 ಮೀರಬಾರದು. ಅವರ ದೇಶ ಅದಕ್ಕಾಗಿ ದೊಡ್ಡ ಬೆಲೆ ಕೊಟ್ಟಿತ್ತು. ಅಲ್ಲಿನ ಊರೂರುಗಳ ಬೀದಿಗೆ ಎಲ್ಮ್ ಒಂದನ್ನೇ ಸಾಲು ಸಾಲಾಗಿ ನೆಟ್ಟಿದ್ದರು. ಎಲ್ಮ್‌ಗೆ ಮಾತ್ರ ತಗಲುವ ಶಿಲೀಂಧ್ರ ರೋಗವೊಂದು ಬಂತು. ಬೀದಿಗೆ ಬೀದಿಯೇ ಬೋಳಾಯಿತು. ಪ್ರಭೇದದ ಮಟ್ಟಿಗಾದರೂ ಬೆಂಗಳೂರು ಈ ಕಟ್ಟಿನೊಳಗೇ ಇದೆ ಅನ್ನುವುದು ಕ್ಯಾಮರಾನ್‌ರಿಂದ ನೇಗಿನಹಾಳರವರೆಗೆ ಎಲ್ಲರೂ ಬೇರೆ ಬೇರೆ ಮರ ನೆಟ್ಟದ್ದರ ಫಲ.

ಮೂರನೆಯದನ್ನು ಓದಿದಾಗ ನಾನು ಸುಮ್ನೆ ಕೂತುಬಿಟ್ಟೆ. ಈ ವೈವಿಧ್ಯ ಊರಿಗೆಲ್ಲ ಸಮನಾಗಿ ಹಂಚಿಲ್ಲ. ಅಗಲ ರಸ್ತೆಗಳಲ್ಲಿ ಮರ ಜಾಸ್ತಿ, ದೊಡ್ಡ ಜಾತಿ ಜಾಸ್ತಿ, ಬಗೆಯೂ ಜಾಸ್ತಿ. ಇಕ್ಕಟ್ಟಾದ ವಸತಿ ಪ್ರದೇಶಗಳ ಕಿರಿದಾದ ರಸ್ತೆಗಳಲ್ಲಿ ಮರ ಕಡಿಮೆ, ಇದ್ದವೂ ಸಣ್ಣ ಜಾತಿಯವು, ಬಗೆಯೂ ಕಡಿಮೆ. ಆದರೆ ಊರಿನಲ್ಲಿ ಮರ ಕಡಿಯುವುದು ಹೆಚ್ಚಾಗಿ ರಸ್ತೆ ಅಗಲ ಮಾಡಲು, ಅದೂ ಮೊದಲೇ ಅಗಲ ಇರುವ ರಸ್ತೆಗಳಲ್ಲಿ. ಕೊಡಲಿ ಹೋಗಿ ಬೀಳುವುದು ಅತಿ ದೊಡ್ಡ ಮರಗಳು, ಅತಿ ಹೆಚ್ಚು ಬಗೆಯ ಮರಗಳು ಇರುವಲ್ಲೇ. ಊರು ತನ್ನ ದೊಡ್ಡ ಮರಗಳನ್ನೇ ಆರಿಸಿ ಆರಿಸಿ ಕಳೆದುಕೊಳ್ಳುತ್ತಿದೆ.

ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಹಳೇ ಮರಗಳಲ್ಲಿ ಬಗೆ ಜಾಸ್ತಿ, ದೊಡ್ಡ ಜಾತಿಗಳೂ ಇವೆ. ಎಳೇ ಮರಗಳಲ್ಲಿ ಬಗೆ ಕಡಿಮೆ. ಕಿರಿದಾಗಿ ಬೆಳೆಯುವ, ಹರಡದ, ಗಿಡ್ಡ ಜಾತಿಗಳೇ ತುಂಬಿವೆ. ಹೋಗುವವು ಒಂದು ಥರ, ಬರುವವು ಇನ್ನೊಂದು ಥರ.

ಸಣ್ಣ ಕ್ರಾಸು ಯಾಕೆ ಬರಿದಾಯಿತು

ಇದಕ್ಕೆ ಉತ್ತರ ನಮ್ಮ ಕ್ರಾಸಿನಲ್ಲೇ ಸಿಕ್ಕಿತು. ನಮ್ಮದು 20 ಅಡಿ ರಸ್ತೆ. 30x40 ಸೈಟುಗಳು. ಒಂದೊಂದು ಮನೆಯೂ ಸೈಟಿನ ಅಂಚಿಗೇ ಗೋಡೆ ಎಬ್ಬಿಸಿದೆ. ಗೋಡೆ ಮುಗಿದಲ್ಲಿ ಚರಂಡಿ. ಚರಂಡಿಯ ಮೇಲೆ ಕಲ್ಲು, ಕಲ್ಲಿನ ಮೇಲೆ ರ್‍ಯಾಂಪ್. ಅಲ್ಲಿಂದ ಮುಂದಕ್ಕೆ ಡಾಂಬರು. ಕೆಳಗೆ ನೀರಿನ ಪೈಪು, ಒಳಚರಂಡಿ, ಕೇಬಲ್. ಮೇಲೆ ವಿದ್ಯುತ್ ತಂತಿ, ಇಂಟರ್‌ನೆಟ್ ತಂತಿ. ಮರಕ್ಕೆ ಬುಡ ಊರಲು ಎಲ್ಲಿ ಜಾಗ?

ಆದರೂ ಒಂದು ಹೊಂಗೆ ಮರ ಇತ್ತು. ಎದುರುಮನೆಯ ಅಜ್ಜಿ ಸೈಟು ತೆಗೆದುಕೊಂಡ ವರ್ಷ ನೆಟ್ಟದ್ದಂತೆ. ಯುಗಾದಿ ಹೊತ್ತಿಗೆ ಅದರ ಎಳೇ ಹಸಿರು ನೋಡಬೇಕಿತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ತಂತಿ ಕೆಲಸದವರು ಬಂದು ತಂತಿಯ ಕಡೆಯ ಕೊಂಬೆಗಳನ್ನೆಲ್ಲ ಕಡಿದು ಹೋಗುತ್ತಿದ್ದರು. ಮರ ಇನ್ನೊಂದು ಬದಿಗೇ ಬೆಳೆಯಿತು. ಭಾರವೆಲ್ಲ ಒಂದೇ ಕಡೆ. ಆಮೇಲೆ ಚರಂಡಿ ರಿಪೇರಿಗೆ ಅಗೆದಾಗ ಆ ಬದಿಯ ಬೇರೂ ಹೋಯಿತು. ಬುಡದವರೆಗೂ ಸಿಮೆಂಟು ಮೆತ್ತಿದರು. ಒಂದು ಮೇ ತಿಂಗಳ ರಾತ್ರಿ ಗಾಳಿಮಳೆಗೆ ಮರ ಉರುಳಿತು. ಬೆಳಗ್ಗೆ ಎಲ್ಲರೂ ಹೇಳಿದ್ದು ಒಂದೇ ಮಾತು, "ಹಳೇ ಮರ, ಬಿದ್ದೇ ಬಿಡ್ತು." ಅಜ್ಜಿ ಮಾತ್ರ ಬೇರೆ ಮಾತು ಹೇಳಿದರು. "ಹಳೇದಲ್ಲಪ್ಪ ಅದು. ನನಗಿಂತ ಎಷ್ಟು ಚಿಕ್ಕದು. ಬುಡ ಕಟ್ಟಿಹಾಕಿ, ಕೈ ಕಡಿದು, ನಿಲ್ಲು ಅಂದ್ರೆ ಹೇಗೆ ನಿಂತೀತು?"

ಬೇಸಿಗೆ ಮಳೆಗೆ ಮರ ಬಿದ್ದ ಸುದ್ದಿ ಓದುವಾಗ ಈ ಮಾತು ನೆನಪಾಗುತ್ತದೆ. ಗುಲ್‌ಮೊಹರ್‌ನಂಥ ಮರಗಳ ಬೇರು ಮೇಲೇ ಹರಡುತ್ತದೆ, ಕೊಂಬೆಯೂ ಪೆಡಸು. ಅವು ಬೇಗ ಬೀಳುವುದು ನಿಜ. ಆದರೆ ಬೀಳುವ ಎಲ್ಲ ಮರಕ್ಕೂ ಇದೇ ಕಾರಣ ಹೇಳಿದರೆ ಅನ್ಯಾಯ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಿರಿ ಅಂದಿತ್ತು. ಒಂದು ಮೀಟರ್ ಮಣ್ಣು. ಕೇಳುತ್ತಿರುವುದು ಅಷ್ಟೇ.

ದೊಡ್ಡ ಮರಕ್ಕೆ ಬದಲಿ ಇದೆಯಾ

ಮರ ಕಡಿಯುವಾಗ ಸಾಮಾನ್ಯವಾಗಿ ಬರುವ ಭರವಸೆ: ಒಂದಕ್ಕೆ ಹತ್ತು ಸಸಿ ನೆಡುತ್ತೇವೆ. ಕೇಳಲು ಚೆನ್ನಾಗಿದೆ. ಒಂದು ಸಣ್ಣ ಲೆಕ್ಕ ಮಾಡೋಣ. ಅಗಲ ರಸ್ತೆಯ ಒಂದು ಮಳೆಮರದ ಹರವು 20 ಮೀಟರ್ ಅಂತಿಟ್ಟುಕೊಳ್ಳಿ. ಅದಕ್ಕಿಂತ ದೊಡ್ಡವೂ ಇವೆ. ಅದರ ಕೆಳಗಿನ ನೆರಳು ಸುಮಾರು 314 ಚದರ ಮೀಟರ್. ಬದಲಿಗೆ ನೆಟ್ಟ ಗಿಡ್ಡ ಜಾತಿಯ ಗಿಡ ಚೆನ್ನಾಗಿ ಬೆಳೆದು 4 ಮೀಟರ್ ಹರಡಿತು ಅನ್ನೋಣ. ನೆರಳು ಹನ್ನೆರಡೂವರೆ ಚದರ ಮೀಟರ್. ಹತ್ತೂ ಗಿಡ ಬದುಕಿದರೂ 125. ಅರ್ಧವೂ ಆಗಲಿಲ್ಲ ನೋಡಿ. ಒಂದು ಮರಕ್ಕೆ ಸಮ ಆಗಬೇಕಾದರೆ 25 ಗಿಡ ಬೇಕು. ಆ 25 ಗಿಡಗಳನ್ನು ಅದೇ ರಸ್ತೆಯಲ್ಲಿ ನೆಡಲು ಜಾಗವೇ ಇಲ್ಲ. ಹಾಗಾಗಿ ಅವು ಊರಾಚೆ ಎಲ್ಲೋ ಹೋಗುತ್ತವೆ. ನೆರಳು ಕಳೆದುಕೊಂಡ ಬಸ್‌ಸ್ಟಾಪಿನವರಿಗೆ ಅದರಿಂದ ಏನು ಬಂತು?

ನೆರಳು ಅಂದರೆ ಬರೀ ಹಿತ ಅಲ್ಲ. ಬೆಂಗಳೂರಿನ ರಸ್ತೆಗಳಲ್ಲೇ ಮಾಡಿ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮರ ಇರುವ ರಸ್ತೆಯ ತುಂಡನ್ನೂ ಇಲ್ಲದ ತುಂಡನ್ನೂ ಅಳೆದು ಹೋಲಿಸಿತು. ಮರ ಇದ್ದಲ್ಲಿ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆ ಇತ್ತು. ಡಾಂಬರಿನ ಮೇಲ್ಮೈ 27.5 ಡಿಗ್ರಿಯವರೆಗೆ ತಣ್ಣಗಿತ್ತು. ಗಾಳಿಯಲ್ಲಿನ ಸಲ್ಫರ್ ಡೈಆಕ್ಸೈಡ್ ಶೇ. 65ರವರೆಗೆ ಕಡಿಮೆ. ಸೊಪ್ಪಿನ ಬುಟ್ಟಿ ಇಟ್ಟುಕೊಂಡು ದಿನವಿಡೀ ರಸ್ತೆಬದಿ ಕೂರುವ ಅಮ್ಮನಿಗೆ, ಟ್ರಾಫಿಕ್ ಪೊಲೀಸರಿಗೆ, ಡೆಲಿವರಿ ಹುಡುಗರಿಗೆ ಈ 5.6 ಡಿಗ್ರಿ ಅಂದರೆ ಏನು ಅಂತ ಎಸಿ ಕೋಣೆಯಲ್ಲಿ ಕೂತು ನಕ್ಷೆ ಬಿಡಿಸುವವರು ಒಮ್ಮೆ ಬಂದು ನೋಡಬೇಕು.

ಇನ್ನು ಮರದ ಮೇಲಿನವರ ಕಥೆ. ಹದ್ದಿಗೆ ಗೂಡು ಕಟ್ಟಲು ಎತ್ತರ ಬೇಕು. ಬಾವಲಿಗೆ ಅತ್ತಿ, ಆಲ, ಗೋಣಿ ಮರದ ಹಣ್ಣು ಬೇಕು. ಕಾಡುಪಾಪಕ್ಕೆ, ಅಂದರೆ ಸ್ಲೆಂಡರ್ ಲೋರಿಸ್‌ಗೆ, ಕೊಂಬೆಗೆ ಕೊಂಬೆ ತಾಗಿರಬೇಕು, ಅದು ನೆಲಕ್ಕಿಳಿದು ರಸ್ತೆ ದಾಟುವ ಜೀವ ಅಲ್ಲ. ಬೆಂಗಳೂರಿನ ನಡುವೆ, ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಆವರಣದಂಥ ಕಡೆ, ಅದು ಈಗಲೂ ಬದುಕಿದೆ. ಪಕ್ಕದ ಬೀದಿಯ ಮರಗಳ ಕೊಂಡಿ ಕಳಚಿದರೆ ಆ ಆವರಣ ಅದಕ್ಕೆ ದ್ವೀಪವಾಗುತ್ತದೆ. ಸಾಲಾಗಿ ನೆಟ್ಟ ಕಂಬದಂಥ ಅಶೋಕ ಗಿಡಗಳ ಮೇಲೆ ಅದು ಎಲ್ಲಿಗೆ ಹೋದೀತು?

ವಿದೇಶಿ ಮರ ಬೇಡ, ನಮ್ಮ ಮರ ಬೇಕು ಅನ್ನುವ ವಾದವನ್ನೂ ಇಲ್ಲಿ ಕೇಳುತ್ತೇವೆ. ಮಳೆಮರ, ಜಕರಂಡ, ತಬೂಬಿಯ ಅಮೆರಿಕ ಖಂಡಗಳವು. ಗುಲ್‌ಮೊಹರ್ ಮಡಗಾಸ್ಕರ್‌ನದು. ಹೊಸದಾಗಿ ನೆಡುವಾಗ ಹೊಂಗೆ, ಬೇವು, ನೇರಳೆ, ರಂಜ, ಹೂವರಸಿ ಮೊದಲು ಬರಲಿ, ನಾನೂ ಒಪ್ಪುತ್ತೇನೆ. ಅವಕ್ಕೆ ಈ ಮಣ್ಣು ಗೊತ್ತು, ಇಲ್ಲಿನ ಹಕ್ಕಿ ಚಿಟ್ಟೆಗಳಿಗೂ ಅವು ಗೊತ್ತು. ಆದರೆ ನೂರು ವರ್ಷ ನಿಂತ ಮಳೆಮರವನ್ನು ಹೊರಗಿನದು ಅನ್ನುವ ನೆಪದಲ್ಲಿ ಕಡಿದರೆ ಅದನ್ನು ನಾನು ಒಪ್ಪಲಾರೆ. ಅದು ಈಗ ನಮ್ಮ ಊರಿನದೇ.

ಉಳಿದವು, ಹೋದವು

2009ರಲ್ಲಿ ಮೆಟ್ರೊ ಕೆಲಸಕ್ಕಾಗಿ ಜಯನಗರದ ನಂದಾ ರಸ್ತೆ ಬದಿಯ ಲಕ್ಷ್ಮಣರಾವ್ ಬುಲೆವಾರ್ಡ್‌ನ ಮರಗಳು ಉರುಳಿದವು. ಜನ ಬೀದಿಗಿಳಿದರು, ಮರಗಳನ್ನು ತಬ್ಬಿ ನಿಂತರು. ಉಳಿಸಿಕೊಳ್ಳಲು ಆಗಲಿಲ್ಲ. ಮೆಟ್ರೊದಲ್ಲಿ ನಾನೂ ಓಡಾಡುತ್ತೇನೆ, ಅದು ಊರಿಗೆ ಬೇಕು. ಆ ಮರಗಳೂ ಬೇಕಿದ್ದವು. ಎರಡನ್ನೂ ಒಟ್ಟಿಗೆ ಕೂರಿಸುವ ನಕ್ಷೆಗೆ ಇನ್ನಷ್ಟು ಬೆವರು ಸುರಿಸಬೇಕಿತ್ತು.

2016ರಲ್ಲಿ ಬೇರೆ ಥರ ಆಯಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಅಂದರು. 812 ಮರಗಳು ಹೋಗಬೇಕಿತ್ತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ದಾರಿಯಲ್ಲಿ ಕೈ ಕೈ ಹಿಡಿದು ಮಾನವ ಸರಪಳಿ ಮಾಡಿದರು. "ಬೇಡ" ಅನ್ನುವ ಒಂದೇ ಕನ್ನಡ ಪದ ಇಡೀ ಊರಿನ ಘೋಷಣೆ ಆಯಿತು. ಕನ್ನಡ ಬಾರದವರೂ ಅದನ್ನೇ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಕಾನೂನು ಇಲ್ಲ ಅಂತಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ನನ್ನ ಅಸಮಾಧಾನ ಆ 50ರ ಮೇಲೆ. ಐವತ್ತು ಅಶೋಕ ಗಿಡಗಳೂ ಐವತ್ತೇ, ಐವತ್ತು ಮಳೆಮರಗಳೂ ಐವತ್ತೇ. ನಲವತ್ತು ದೊಡ್ಡ ಮರ ಹೋದರೆ ಒಂದು ರಸ್ತೆಯ ಹವೆಯೇ ಬದಲಾಗುತ್ತದೆ, ಆದರೆ ಎಣಿಕೆಯಲ್ಲಿ ಅದು ಸಣ್ಣ ವಿಷಯ. ಅರ್ಜಿಯಲ್ಲಿ ಮರದ ಸಂಖ್ಯೆಯ ಪಕ್ಕ ಅದರ ಜಾತಿ, ಕಾಂಡದ ಸುತ್ತಳತೆ, ನೆರಳಿನ ಹರವನ್ನೂ ತೂಗಿ ನೋಡಬೇಕು. ಬದಲಿ ಗಿಡದ ಲೆಕ್ಕವೂ ನೆರಳಿನ ಹರವಿನಲ್ಲೇ ಆಗಬೇಕು.

ಮತ್ತೆ ಸಣ್ಣ ಕ್ರಾಸಿಗೆ

ದೊಡ್ಡ ರಸ್ತೆಯ ಮರಗಳ ಪರ ಮಾತಾಡಲು ಜನ ಇದ್ದಾರೆ. ಸಣ್ಣ ಕ್ರಾಸಿನ ಮರಕ್ಕೆ ಯಾರೂ ಇಲ್ಲ. ಆದರೆ ಊರಿನ ಹೆಚ್ಚು ಜನ ಇರುವುದು ಸಣ್ಣ ಕ್ರಾಸುಗಳಲ್ಲೇ, ಅಲ್ವಾ?

ದಾರಿ ತೋರಿಸುವ ಒಂದು ಸಂಗತಿ ನನಗೆ ಸಿಕ್ಕಿದ್ದು ಕೊಳೆಗೇರಿಗಳಿಂದ. ಬೀದಿಮರಗಳನ್ನು ಅಳೆದ ನಾಗೇಂದ್ರ ಮತ್ತು ಗೋಪಾಲ್ ಅವರೇ 2014ರಲ್ಲಿ ಬೆಂಗಳೂರಿನ 44 ಕೊಳೆಗೇರಿಗಳ ಗಿಡಮರಗಳ ಬಗ್ಗೆಯೂ ಬರೆದರು. ಅಲ್ಲಿ ಮರಗಳು ತೀರಾ ಕಡಿಮೆ. ಇರುವುದರಲ್ಲಿ ನುಗ್ಗೆ, ತೆಂಗಿನಂಥವು ಹೆಚ್ಚು. ತಿನ್ನಲು, ಮದ್ದಿಗೆ, ಪೂಜೆಗೆ ಬರುವಂಥವು. ಹಳೇ ಡಬ್ಬದಲ್ಲಿ, ಒಡೆದ ಬಕೆಟಿನಲ್ಲಿ ತುಳಸಿ, ದೊಡ್ಡಪತ್ರೆ ಬೆಳೆಸುವವರು ಅಲ್ಲಿನ ಜನ. ಮರದ ಕೆಳಗೇ ಅಡುಗೆ, ಬಟ್ಟೆ ಒಗೆಯುವುದು, ಮಕ್ಕಳ ಆಟ, ಸಂಜೆಯ ಮಾತು. ಯಾರೂ ಕಾರ್ಯಕ್ರಮ ಮಾಡಿ ನೆಟ್ಟ ಮರಗಳಲ್ಲ ಅವು. ಬೇಕು ಅನಿಸಿದವರು ಬೆಳೆಸಿದ ಮರಗಳು.

ಹಾಗಾಗಿ ಕ್ರಾಸಿನಲ್ಲಿ ಯಾವ ಮರ ಅನ್ನುವುದನ್ನು ಮೊದಲು ಅಲ್ಲಿನವರನ್ನೇ ಕೇಳಬೇಕು. ತಂತಿ ಇಲ್ಲದ ಬದಿಗೆ ಹೊಂಗೆ, ಬೇವು, ನೇರಳೆ. ತಂತಿಯ ಕೆಳಗೆ ನುಗ್ಗೆ, ಕರಿಬೇವು, ದೇವಕಣಗಿಲೆ, ಪಾರಿಜಾತ. ಒಂದೇ ಕ್ರಾಸಿಗೆ ಒಂದೇ ಜಾತಿ ಬೇಡ. ಎರಡು ಕ್ರಾಸು ಕೂಡುವ ಮೂಲೆಯಲ್ಲಿ, ಟ್ರಾನ್ಸ್‌ಫಾರ್ಮರ್‌ನಿಂದ ದೂರದಲ್ಲಿ, ಸಾಮಾನ್ಯವಾಗಿ ಕಸ ಸುರಿಯುವ ಒಂದು ತುಂಡು ಜಾಗ ಇರುತ್ತದೆ. ಅಲ್ಲಿ ಒಂದು ದೊಡ್ಡ ಮರ ಬರಲಿ. ಒಂದು ಅರಳಿಯೋ ಬಸರಿಯೋ ಸಾಕು. ಹಳ್ಳಿಗಳಲ್ಲಿ ಕಟ್ಟೆ ಇದ್ದದ್ದೂ ಇಂಥ ಕೂಡುಜಾಗದಲ್ಲೇ ಅಲ್ಲವೇ?

ನಮ್ಮ ಕ್ರಾಸಿನಲ್ಲಿ ಹೊಂಗೆ ಬಿದ್ದ ಜಾಗದ ಸಿಮೆಂಟನ್ನು ಕಳೆದ ವರ್ಷ ಒಡೆಸಿದೆವು. ಮೂರಡಿ ಚೌಕದ ಮಣ್ಣು ಬಂತು. ತಂತಿ ಆ ಕಡೆ ಇರುವುದರಿಂದ ಎರಡಡಿ ಈಚೆಗೆ ಸರಿದು ಮತ್ತೆ ಹೊಂಗೆಯನ್ನೇ ನೆಟ್ಟೆವು. ಬೀಜ, ಆ ಬಿದ್ದುಹೋದ ಮರದ್ದೇ. ಅಜ್ಜಿ ಎತ್ತಿಟ್ಟಿದ್ದರು. ಬಿಡಾಡಿ ದನ ಬಾಯಿ ಹಾಕದಂತೆ ಸುತ್ತ ಬಲೆ ಕಟ್ಟಿದ್ದೇವೆ. ಸೋಮವಾರ, ಗುರುವಾರ ನೀರು ಹಾಕುವ ಸರದಿ ನನ್ನದು. ಈ ಯುಗಾದಿಗೆ ಅದರಲ್ಲಿ ಹನ್ನೊಂದು ಹೊಸ ಎಲೆ ಇದ್ದವು.